ಖೀಮಾ ಮಿಷನ್ನು

ಭಟ್ಕಳದ ಅಂಗಡಿಯಲ್ಲಿ ಖೀಮಾ ಮಿಷನ್ನು ಆರಿಸುವಾಗ ಅಜ್ಜಿಯ ಕತ್ತಿ ನೆನಪಾಯಿತು. ಅಜ್ಜನ ಕಾಲದಲ್ಲಿ ಹೆಬಳೆಯ ಮನೆಗೆ ಕಾಡುಹಂದಿ ಬೇಟೆಯ ಪಾಲು ಬಂದರೆ, ಆ ಗಟ್ಟಿ ಮಾಂಸವನ್ನು ಮರದ ಕೊರಡಿನ ಮೇಲೆ ಕೊಚ್ಚಿ ಕೊಚ್ಚಿ ಅಜ್ಜಿಯ ರಟ್ಟೆ ಸೋಲುತ್ತಿತ್ತಂತೆ.

ಕರೆಂಟಿನದು ಬೇಡವೆಂದೆ; ಮಳೆಗಾಲದಲ್ಲಿ ಕೈಯೇ ನಂಬಿಗಸ್ತ. ಎರಕದ ಕಬ್ಬಿಣ ನಮ್ಮ ಉಪ್ಪುಗಾಳಿಗೆ ತುಕ್ಕು ಹಿಡಿಯುತ್ತದೆ. ಮೇಜಿನಂಚಿಗೆ ತಿರುಪಿನಿಂದ ಬಿಗಿಯುವ ಸ್ಟೀಲಿನದನ್ನೇ ತಂದೆ. ನರ, ಪೊರೆ ತೆಗೆದು, ತಣ್ಣಗಿನ ಮಾಂಸವನ್ನು ಉದ್ದ ಹೋಳು ಮಾಡಿ ಹಾಕಬೇಕು. ಇಲ್ಲವಾದರೆ ನರ ಅಲಗಿಗೆ ಸುತ್ತಿಕೊಂಡು ಮಾಂಸ ಹಿಚುಕಿಹೋಗುತ್ತದೆ.

ವಾರದೊಳಗೆ ಒಂದು ರಾತ್ರಿ ಅಣ್ಣ ಚೀಲ ಹಿಡಿದು ಬಂದ. "ತಂಗಿ, ಹಂದಿ ಮಾಂಸ. ನಮ್ಮ ಗದ್ದೆ ಹಾಳು ಮಾಡಿದ್ದು ಇದೇ. ಒಂದು ಸಲ ತಿರುಗಿಸಿ ಕೊಡು."

ಆ ಗದ್ದೆಯನ್ನು ನಾನೂ ಕಂಡಿದ್ದೆ. ಆದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪಾಠವನ್ನು ಮಕ್ಕಳಿಗೆ ಹೇಳುವವಳು ನಾನೇ. ಬೇಟೆಯಷ್ಟೇ ಅಲ್ಲ, ಆ ಮಾಂಸ ಇಟ್ಟುಕೊಳ್ಳುವುದೂ ಅಪರಾಧ. "ಬೆಳೆ ಪರಿಹಾರಕ್ಕೆ ಅರಣ್ಯ ಇಲಾಖೆಗೆ ಅರ್ಜಿ ಬರೆದುಕೊಡುತ್ತೇನೆ ಅಣ್ಣ, ಇದು ಬೇಡ" ಎಂದೆ. ಚಹಾವನ್ನೂ ಕುಡಿಯದೆ ಹೋದ.

ಈಗ ಹಬ್ಬಕ್ಕೆ ಕುರಿ ಮಾಂಸ ಹಾಕಿ ಹಿಡಿಕೆ ತಿರುಗಿಸುವಾಗ ಅಜ್ಜಿಯ ರಟ್ಟೆ ನೆನಪಾಗುತ್ತದೆ, ಅಣ್ಣನ ಮುಖವೂ. ಬರೆದಿಟ್ಟ ಅರ್ಜಿಗೆ ಸಹಿ ಹಾಕಲು ಅವನಿನ್ನೂ ಬಂದಿಲ್ಲ.