ಬೆವರು ಒರೆಸಿದ ಡಿಸ್ಕು

2010ರಲ್ಲಿ ಬಂದ ‘ಪ್ರಿಡೇಟರ್’ ಬ್ಲೂ-ರೇ ಡಿಸ್ಕಿನಲ್ಲಿ ಆರ್ನಾಲ್ಡ್ ಶ್ವಾರ್ಜ್‌ನೆಗರ್ ಬೆವರುವುದಿಲ್ಲ, ಹೊಳೆಯುತ್ತಾನೆ. ಮೈಗೆ ಎಣ್ಣೆ ಸವರಿ ನಿಲ್ಲಿಸಿದ ಮೇಣದ ಬೊಂಬೆಯ ಹಾಗೆ. ಸುತ್ತ ದಟ್ಟ ಕಾಡಿದೆ, ಸೆಕೆಯಿದೆ, ಹೆಜ್ಜೆಹೆಜ್ಜೆಗೂ ಸಾವಿದೆ. ಅವನ ಕೆನ್ನೆಯ ಮೇಲೆ ಮಾತ್ರ ಒಂದು ರಂಧ್ರವೂ ಕಾಣುವುದಿಲ್ಲ.

ಸಿನಿಮಾ ನೋಡದವರಿಗೆ ಎರಡು ಮಾತು. ಇದು 1987ರ ಚಿತ್ರ, ನಿರ್ದೇಶಕ ಜಾನ್ ಮೆಕ್‌ಟಿಯರ್ನನ್. ಮಧ್ಯ ಅಮೆರಿಕದ ಕಾಡಿಗಿಳಿದ ಏಳು ಜನರ ಪಡೆಯನ್ನು ಕಣ್ಣಿಗೆ ಕಾಣದ ಬೇಟೆಗಾರನೊಬ್ಬ ಒಬ್ಬೊಬ್ಬರನ್ನಾಗಿ ಮುಗಿಸುತ್ತ ಬರುತ್ತಾನೆ. ಅವನು ಈ ಲೋಕದವನಲ್ಲ. ಚಿತ್ರೀಕರಣ ನಡೆದದ್ದು ಮೆಕ್ಸಿಕೊದಲ್ಲಿ, ಛಾಯಾಗ್ರಾಹಕರು ಆಸ್ಟ್ರೇಲಿಯಾದ ಡೊನಾಲ್ಡ್ ಮೆಕ್‌ಆಲ್ಪಿನ್. ಕಥೆ ಇಷ್ಟೇ. ನಮ್ಮ ವಿಭಾಗದ ಸೆಮಿನಾರಿನಲ್ಲಿ ಇದರ ಹೆಸರೆತ್ತಿದರೆ ಎಲ್ಲರೂ ನಗುತ್ತಾರೆ. ನಾನಿದನ್ನು ಮೊದಲು ನೋಡಿದ್ದು ಹೈಸ್ಕೂಲಿನಲ್ಲಿದ್ದಾಗ, ಟಿವಿಯಲ್ಲಿ, ಹಿಂದಿ ಡಬ್ಬಿಂಗಿನಲ್ಲಿ, ನಡುನಡುವೆ ಸೋಪಿನ ಜಾಹೀರಾತಿನೊಂದಿಗೆ. ಆಮೇಲೆ ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಟ್ಟಿಲ್ಲ.

ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ನನ್ನ ಗೆಳೆಯನೊಬ್ಬನಿಗೆ ಡಿಸ್ಕ್ ಕೂಡಿಡುವ ಹುಚ್ಚು. ಎಲ್ಲವೂ ಮೊಬೈಲಿನಲ್ಲೇ ಸಿಗುವ ಕಾಲದಲ್ಲಿ ಸೆಕೆಂಡ್‌ಹ್ಯಾಂಡ್ ಡಿಸ್ಕುಗಳಿಗೆ ಸಂಬಳ ಸುರಿಯುತ್ತಾನೆ. ‘ಯಾಕೋ?’ ಅಂದರೆ, ‘ಮಗಾ, ಆ್ಯಪಲ್ಲಿ ಇವತ್ತು ನೋಡಿದ ಪ್ರಿಂಟು ನಾಳೆ ಬದಲಾಗಿದ್ರೆ ನಿಂಗೆ ಯಾರೂ ಹೇಳಲ್ಲ. ಇದು ಕಪಾಟಲ್ಲಿ ಹಾಗೇ ಇರುತ್ತೆ’ ಅನ್ನುತ್ತಾನೆ. ಅವನ ಹತ್ತಿರ ಈ ಚಿತ್ರದ ಬ್ಲೂ-ರೇಗಳು ಎರಡಿದ್ದವು, 2008ರದ್ದೊಂದು, 2010ರದ್ದೊಂದು. ಒಂದು ಭಾನುವಾರ ಎರಡನ್ನೂ ಹಾಕಿ ಒಂದೇ ದೃಶ್ಯವನ್ನು ಹಿಂದೆಮುಂದೆ ನೋಡಿದೆವು. ಡಚ್ ಮತ್ತು ಡಿಲನ್ ಬಹಳ ದಿನಗಳ ಮೇಲೆ ಭೇಟಿಯಾಗಿ ಗಾಳಿಯಲ್ಲೇ ಕೈಗೆ ಕೈ ಬೆಸೆದು ಬಲ ನೋಡುತ್ತಾರಲ್ಲ, ಆ ದೃಶ್ಯ. 2008ರ ಡಿಸ್ಕಿನಲ್ಲಿ ಚಿತ್ರದ ಮೇಲೆಲ್ಲ ಸಣ್ಣ ರವೆ ಎರಚಿದ ಹಾಗೆ ಏನೋ ಮಿಸುಕುತ್ತಿರುತ್ತದೆ, ಕೆಲವು ಕಡೆ ಚೌಕಚೌಕವಾಗಿ ಒಡೆದದ್ದೂ ಕಾಣುತ್ತದೆ. ಆದರೆ ತೋಳು ತೋಳಿನ ಹಾಗಿದೆ. 2010ರದ್ದರಲ್ಲಿ ರವೆ ಇಲ್ಲ. ತೋಳು ರಬ್ಬರಿನದು.

ವಿಚಿತ್ರವೆಂದರೆ ಕಾಗದದ ಮೇಲೆ 2010ರದ್ದೇ ಮೇಲು. ಹಳೆಯದು 25 ಜಿಬಿಯ ಒಂದು ಪದರದ ಡಿಸ್ಕು, ಎಂಪೆಗ್-2 ಎಂಬ ಹಳೆಯ ಸಂಕೋಚನ ವಿಧಾನ. ಹೊಸದು 50 ಜಿಬಿ, ಎರಡು ಪದರ, ಹೆಚ್ಚು ದಕ್ಷವಾದ ಎವಿಸಿ. ಜಾಗ ಎರಡರಷ್ಟು ಸಿಕ್ಕಿತು, ತುಂಬಬೇಕಾದ ವಿವರವನ್ನು ಮೊದಲೇ ಉಜ್ಜಿ ತೆಗೆದಿದ್ದರು.

ಆ ರವೆಯ ಬಗ್ಗೆ ಸ್ವಲ್ಪ ಹೇಳಬೇಕು. ಅದು ಕೊಳೆಯಲ್ಲ. ಫಿಲ್ಮಿನ ಮೇಲೆ ಬೆಳಕನ್ನು ಹಿಡಿಯುವುದು ಬೆಳ್ಳಿಯ ಲವಣದ ಹರಳುಗಳು. ಬಣ್ಣದ ಫಿಲ್ಮಿನಲ್ಲಿ ಸಂಸ್ಕರಣೆಯ ಹೊತ್ತಿಗೆ ಬೆಳ್ಳಿ ತೊಳೆದುಹೋಗಿ, ಅದಿದ್ದ ಜಾಗದಲ್ಲಿ ಬಣ್ಣದ ಸಣ್ಣ ಮೋಡಗಳು ಉಳಿಯುತ್ತವೆ. ಕಾಡಿನ ನೆರಳಿನಂತಹ ಕಡಿಮೆ ಬೆಳಕಿಗೆ ಬೇಕಾದ ವೇಗದ ಫಿಲ್ಮಿನಲ್ಲಿ ಹರಳುಗಳು ದಪ್ಪ, ಹಾಗಾಗಿ ರವೆಯೂ ದಪ್ಪ. ಚಿತ್ರ ಈ ರವೆಯ ಹಿಂದೆ ಎಲ್ಲೋ ಇರುವುದಿಲ್ಲ, ರವೆಯಿಂದಲೇ ಆಗಿರುತ್ತದೆ. ರಂಗೋಲಿಯ ಪುಡಿ ಗುಡಿಸಿ ಗೆರೆ ಮಾತ್ರ ಉಳಿಸಿ ಅಂದರೆ ಹೇಗೆ?

ಕಂಪ್ಯೂಟರಿಗೆ ಮಾತ್ರ ಇದು ತಲೆನೋವು. ಸಂಕೋಚನ ನಡೆಯುವುದು ಹಿಂದಿನ ಚೌಕಟ್ಟಿನಲ್ಲಿದ್ದದ್ದೇ ಮುಂದಿನದರಲ್ಲೂ ಇರುತ್ತದೆ ಎಂಬ ನಂಬಿಕೆಯ ಮೇಲೆ. ರವೆ ಸೆಕೆಂಡಿಗೆ 24 ಸಲ ಜಾಗ ಬದಲಿಸುತ್ತದೆ, ಒಂದರಂತೆ ಇನ್ನೊಂದಿಲ್ಲ. ಆಗ ಬರುವುದೇ ಡಿಜಿಟಲ್ ನಾಯ್ಸ್ ರಿಡಕ್ಷನ್, ಚಿಕ್ಕದಾಗಿ ಡಿಎನ್‌ಆರ್. ಅಕ್ಕಪಕ್ಕದ ಚುಕ್ಕಿಗಳನ್ನೂ ಹಿಂದುಮುಂದಿನ ಚೌಕಟ್ಟುಗಳನ್ನೂ ಹೋಲಿಸಿ, ಎಲ್ಲಿ ಸಣ್ಣ ಏರುಪೇರಿದೆಯೋ ಅಲ್ಲಿ ಸರಾಸರಿ ಹಾಕಿ ಸಮ ಮಾಡುತ್ತದೆ. ಮಿತವಾಗಿ ಬಳಸಿದರೆ ತೊಂದರೆಯೇನಿಲ್ಲ. ಆದರೆ ಸಣ್ಣ ಏರುಪೇರು ಅಂದರೆ ರವೆಯೊಂದೇ ಅಲ್ಲವಲ್ಲ. ಕುರುಚಲು ಗಡ್ಡವೂ ಅದೇ, ಎಲೆಯ ನರವೂ ಅದೇ, ಹಣೆಯ ಮೇಲಿನ ಬೆವರ ಹನಿಯೂ ಅದೇ. ಯಂತ್ರಕ್ಕೆ ಭೇದವಿಲ್ಲ. ಎಲ್ಲವನ್ನೂ ನುಣುಪು ಮಾಡಿ, ಹಾಗೆ ಮಾಡಿದ್ದರಿಂದ ಮಂಕಾಯಿತೆಂದು ಅಂಚುಗಳನ್ನು ಕೃತಕವಾಗಿ ಚೂಪು ಮಾಡುವುದೂ ಉಂಟು.

ಕಂಪನಿಗಳನ್ನು ಬಯ್ಯುವುದು ಸುಲಭ. ಆದರೆ ಈ ನುಣುಪನ್ನು ಬಯಸಿದವರು ನಾವೂ ಹೌದು. ಆ ಭಾನುವಾರ ಊರಿಂದ ಬಂದಿದ್ದ ಗೆಳೆಯನ ತಾಯಿ ಹಳೆಯ ಡಿಸ್ಕ್ ಓಡುತ್ತಿದ್ದಾಗ ಇಣುಕಿ, ‘ಇಷ್ಟು ದುಡ್ಡು ಕೊಟ್ಟು ತಂದ ಟಿವಿ ಆಗ್ಲೇ ಕೆಟ್ಟೋಯ್ತೇನೋ?’ ಎಂದರು. ಹೊಸದನ್ನು ಹಾಕಿದಾಗ, ‘ಹಾಂ, ಈಗ ಸರಿಯಾಯ್ತು’ ಎಂದು ಅಡುಗೆಮನೆಗೆ ಹೋದರು. ಅವರಿಗೆ ಎದುರಾಡಲು ನಮ್ಮಿಬ್ಬರಿಗೂ ಬಾಯಿ ಬರಲಿಲ್ಲ. ದೊಡ್ಡ ಟಿವಿ ಕೊಂಡವನಿಗೆ ಗಾಜಿನ ಕಿಟಕಿಯಂಥ ಚಿತ್ರ ಬೇಕು.

‘ಪ್ರಿಡೇಟರ್’ಗೆ ಹೀಗಾದದ್ದು ನನಗೆ ಹೆಚ್ಚು ಕಾಡುವುದಕ್ಕೆ ಕಾರಣವಿದೆ. ಅದು ನೋಟದ ಬಗೆಗಿನ ಸಿನಿಮಾ. ಬೇಟೆಗಾರನ ಕಣ್ಣಿಗೆ ಶಾಖ ಮಾತ್ರ ಕಾಣುತ್ತದೆ. ಅವನ ಕಣ್ಣಿನಿಂದ ನೋಡುವ ದೃಶ್ಯಗಳಲ್ಲಿ ಮನುಷ್ಯರು ಕೆಂಪು, ಹಳದಿ, ನೀಲಿಯ ಹೊಂಡಗಳು, ಮುಖವಿಲ್ಲ, ಸುಕ್ಕಿಲ್ಲ. ನಮ್ಮ ಕಣ್ಣಿಗೆ ತಿರುಗಿದ ತಕ್ಷಣ ಚರ್ಮ, ಬಟ್ಟೆಯ ನೇಯ್ಗೆ, ಎಲೆಗಳ ಒರಟುತನ ಮರಳಬೇಕು. ಆ ಅಂತರವೇ ಚಿತ್ರದ ಪ್ರಾಣ. ಕೊನೆಗೆ ಡಚ್ ಉಳಿಯುವುದೂ ಕೆಸರಿನಿಂದ. ಮೈಗೆ ಮೆತ್ತಿದ ತಣ್ಣನೆಯ ಕೆಸರು ಶಾಖವನ್ನು ಮರೆಮಾಡಿದಾಗ, ಎರಡು ಮಾರು ದೂರದಲ್ಲಿ ನಿಂತ ಬೇಟೆಗಾರನಿಗೆ ಅವನು ಕಾಣುವುದಿಲ್ಲ. 2010ರ ಡಿಸ್ಕಿನಲ್ಲಿ ಆ ಕೆಸರು ಬಣ್ಣ ಬಳಿದ ಹಾಗಿದೆ. ಮನುಷ್ಯನ ಕಣ್ಣು, ಬೇಟೆಗಾರನ ಕಣ್ಣು ಎರಡಿದ್ದ ಚಿತ್ರಕ್ಕೆ ಮೂರನೆಯದೊಂದು ಕಣ್ಣು ಸೇರಿಕೊಂಡಿದೆ. ಅದಕ್ಕೆ ಶಾಖವೂ ಕಾಣದು, ಚರ್ಮವೂ ಕಾಣದು.

ನಾನು ಪಿಎಚ್.ಡಿ.ಗೆ ಕೂತಿರುವುದು ಓಲೆಗರಿಯ ಪ್ರತಿಗಳ ಪಾಠಾಂತರಗಳ ಮೇಲೆ. ನಮ್ಮ ಕೆಲಸದಲ್ಲಿ ಎಲ್ಲರೂ ಹೆದರುವುದು ದಡ್ಡ ಲಿಪಿಕಾರನಿಗಲ್ಲ, ಜಾಣನಿಗೆ. ದಡ್ಡ ತನಗೆ ಅರ್ಥವಾಗದ ಶಬ್ದವನ್ನು ಕಂಡ ಹಾಗೆ ಬರೆದು ಹೋಗುತ್ತಾನೆ. ತಪ್ಪಿದ್ದರೂ ಅದರ ಹಿಂದೆ ಮೂಲದ ಆಕಾರ ಇರುತ್ತದೆ. ಜಾಣ ಅಪರೂಪದ ಶಬ್ದವನ್ನು ತೆಗೆದು ಪರಿಚಿತವಾದದ್ದನ್ನು ಹಾಕಿ, ಛಂದಸ್ಸನ್ನೂ ಹೊಂದಿಸಿ, ಸಾಲನ್ನು ನುಣ್ಣಗೆ ಮಾಡಿಟ್ಟಿರುತ್ತಾನೆ. ಓದುವಾಗ ಎಲ್ಲೂ ಎಡವುವುದಿಲ್ಲ. ಎಡವದ ಜಾಗವನ್ನೇ ಅನುಮಾನಿಸಬೇಕು ಎನ್ನುವುದನ್ನು ನನ್ನ ಮಾರ್ಗದರ್ಶಕರು ಮೊದಲ ವರ್ಷವಿಡೀ ತಲೆಗೆ ತುಂಬಿದರು. ಹಾಗೆ ತಿದ್ದಿದ್ದು ಗೊತ್ತಾಗುವುದು ಇನ್ನೊಂದು ಪ್ರತಿ ಎಲ್ಲಾದರೂ ಸಿಕ್ಕಾಗ. ಇರುವುದೇ ಒಂದು ಪ್ರತಿಯಾದರೆ, ಅದೂ ಜಾಣನ ಕೈಯದಾದರೆ, ಮುಗಿಯಿತು.

‘ಪ್ರಿಡೇಟರ್’ ಅಷ್ಟರಮಟ್ಟಿಗೆ ಅದೃಷ್ಟವಂತ ಕೃತಿ. 2010ರ ಡಿಸ್ಕು ಕೆಟ್ಟದ್ದೆಂದು ಜನ ಕೂಗಾಡಿದ್ದಕ್ಕೆ 2008ರದ್ದು ಕೈಯಲ್ಲಿತ್ತು. ನಮ್ಮ ಎಷ್ಟೋ ಕನ್ನಡ ಚಿತ್ರಗಳು ಇವತ್ತು ಸಿಗುವುದು ವಿಸಿಡಿಯಿಂದ ಇಳಿಸಿಕೊಂಡ ಪ್ರತಿಯಲ್ಲಿ. ಅಂದರೆ 352 ಅಡ್ಡ, 288 ಉದ್ದ ಚುಕ್ಕಿಗಳ ಚಿತ್ರ, ಮೂಲೆಯಲ್ಲಿ ಕಂಪನಿಯ ಲಾಂಛನ. ಈಗ ಅವುಗಳಲ್ಲಿ ಕೆಲವಕ್ಕೆ ಯಾರೋ ಕೃತಕ ಬುದ್ಧಿಮತ್ತೆಯಿಂದ ಬಣ್ಣ ತುಂಬಿ, ಮುಖ ತೀಡಿ ‘4ಕೆ’ ಎಂದು ಹೆಸರಿಟ್ಟು ಹಾಕುತ್ತಾರೆ. ನೋಡಿದವರು ಕೈ ಮುಗಿಯುತ್ತಾರೆ. ಇದಕ್ಕೆ ವಿರುದ್ಧವಾದದ್ದೂ ನಡೆದಿದೆಯೆನ್ನಿ: ಗಿರೀಶ ಕಾಸರವಳ್ಳಿಯವರ 1977ರ ‘ಘಟಶ್ರಾದ್ಧ’ವನ್ನು ಮೂಲ ಕ್ಯಾಮೆರಾ ನೆಗೆಟಿವಿನಿಂದ ಪುನರುಜ್ಜೀವನಗೊಳಿಸಿ 2024ರಲ್ಲಿ ವೆನಿಸ್ ಉತ್ಸವದಲ್ಲಿ ತೋರಿಸಿದರು. ಆ ನೆಗೆಟಿವ್ ಉಳಿದಿತ್ತು. ಉಳಿಯದ ಚಿತ್ರಗಳಿಗೆ ಏನು ಗತಿ?

ನಮ್ಮ ಮನೆಯ ನಡುಮನೆಯಲ್ಲಿ ಅಜ್ಜಿಯ ಫೋಟೊ ಇದೆ. ಅವಳಿಗೆ ಚಿಕ್ಕಂದಿನಲ್ಲಿ ಸಿಡುಬು ಬಂದಿತ್ತು, ಮುಖದ ತುಂಬ ಕಲೆಗಳಿದ್ದವು. ಮಗುವಾಗಿದ್ದಾಗ ನಾನು ಅವುಗಳ ಮೇಲೆ ಬೆರಳಿಟ್ಟು ಎಣಿಸುತ್ತಿದ್ದೆನಂತೆ. ಅವಳು ತೀರಿಕೊಂಡಾಗ ಮನೆಯಲ್ಲಿದ್ದ ಒಂದೇ ಒಂದು ಫೋಟೊವನ್ನು ದೊಡ್ಡದು ಮಾಡಿಸಲು ಸ್ಟುಡಿಯೊಗೆ ಕೊಟ್ಟರು. ಬಂದದ್ದರಲ್ಲಿ ಒಂದು ಕಲೆಯೂ ಇರಲಿಲ್ಲ, ಹಿಂದೆ ಆಕಾಶನೀಲಿ ಬಣ್ಣವಿತ್ತು. ‘ಎಷ್ಟು ಲಕ್ಷಣವಾಗಿ ಬಂದಿದೆ’ ಎಂದರು ದೊಡ್ಡಮ್ಮ. ಅಮ್ಮ ಏನೂ ಹೇಳದೆ ಹಾರ ಹಾಕಿದಳು. ಮೂಲದ ಸಣ್ಣ ಫೋಟೊ ವಾಪಸು ಬರಲೇ ಇಲ್ಲ. ಅಕ್ಕನ ಮಗಳಿಗೆ ಮುತ್ತಜ್ಜಿಯ ಮುಖದಲ್ಲಿ ಕಲೆಗಳಿದ್ದವು ಅಂದರೆ, ಫೋಟೊ ನೋಡಿ, ‘ಸುಳ್ಳು ಹೇಳ್ಬೇಡ ಮಾಮ’ ಅನ್ನುತ್ತಾಳೆ. ಅವಳ ಮಟ್ಟಿಗೆ ಅವಳು ಹೇಳುವುದು ಸರಿ. ಅವಳ ಮುಂದಿರುವ ಏಕೈಕ ಪ್ರತಿ ಅದು.

2018ರಲ್ಲಿ ‘ಪ್ರಿಡೇಟರ್’ನ 4ಕೆ ಡಿಸ್ಕು ಬಂತು. ಗೆಳೆಯ ಅದನ್ನೂ ಹುಡುಕಿ ತಂದಿದ್ದಾನೆ. ರವೆ ವಾಪಸು ಬಂದಿದೆ. ಕತ್ತಲ ದೃಶ್ಯಗಳಲ್ಲಿ ಚೆನ್ನಾಗಿಯೇ ಕುಣಿಯುತ್ತದೆ. ಕೆಸರು ಕೆಸರಾಗಿದೆ. ಹಾಗಂತ ರೋಗ ವಾಸಿಯಾಯಿತು ಅನ್ನುವ ಹಾಗಿಲ್ಲ. 2024ರಲ್ಲಿ ಬಂದ ಜೇಮ್ಸ್ ಕ್ಯಾಮೆರಾನರ ‘ಟ್ರೂ ಲೈಸ್’ ಮತ್ತು ‘ಏಲಿಯನ್ಸ್’ 4ಕೆ ಡಿಸ್ಕುಗಳಲ್ಲಿ ಯಂತ್ರಕಲಿಕೆಯ ತಂತ್ರ ಬಳಸಿದ್ದಾರೆ. ಅದು ಉಜ್ಜಿ ಸುಮ್ಮನಾಗುವುದಿಲ್ಲ, ಇಲ್ಲದ ವಿವರವನ್ನು ಊಹಿಸಿ ತುಂಬುತ್ತದೆ. ಅಲ್ಲಿ ತಿದ್ದಿಸಿದ್ದು ನಿರ್ದೇಶಕರೇ ಎನ್ನುವುದು ಬೇರೆ ತೊಡಕು. ಕವಿಯೇ ತನ್ನ ಕಾವ್ಯವನ್ನು ಎರಡನೆಯ ಮುದ್ರಣದಲ್ಲಿ ತಿದ್ದಿದರೆ ಬೇಡವೆನ್ನಲು ನಾವು ಯಾರು? ತಿದ್ದಿಕೊಳ್ಳಲಿ, ಮೊದಲ ಮುದ್ರಣವೂ ಅಂಗಡಿಯಲ್ಲಿ ಸಿಗಲಿ ಎನ್ನುವುದಷ್ಟೇ ನನ್ನ ತಕರಾರು.

4ಕೆ ಬಂದಮೇಲೆ ಗೆಳೆಯ ಮೇಣದ ಡಿಸ್ಕನ್ನು ಮಾರಿಬಿಡಲು ಹೊರಟಿದ್ದ. ‘ಕೊಡಬೇಡ್ವೋ’ ಎಂದೆ. ‘ಯಾಕೆ ಮಗಾ, ನೀನೇ ತಾನೇ ಇಷ್ಟು ಬೈದಿದ್ದು?’ ಅಂದ. ಪಾಠ ಕೆಟ್ಟಿದೆಯೆಂದು ಯಾರೂ ಓಲೆ ಸುಡುವುದಿಲ್ಲ ಅಂದೆ. ನಾವು ಗ್ರಂಥಸಂಪಾದನೆಯಲ್ಲಿ ಪ್ರತಿಗಳಿಗೆ ಕ, ಖ, ಗ ಎಂದು ಗುರುತು ಕೊಡುತ್ತೇವೆ. ಹಾಗೆಯೇ ಮೂರು ಚೀಟಿ ಬರೆದು ಮೂರು ಡಬ್ಬಿಗಳ ಬೆನ್ನಿಗೆ ಅಂಟಿಸಿ ಬಂದಿದ್ದೇನೆ. ಖ ಪ್ರತಿಯ ಚೀಟಿಯಲ್ಲಿ ಗುರುತಿನ ಕೆಳಗೆ ಸಣ್ಣಕ್ಷರದಲ್ಲಿ ಬರೆದಿರುವುದು: 2010, ಲಿಪಿಕಾರ ಜಾಣ.