ನಮ್ಮ ಕಾರಿನ ಲೋಪಸಂಧಿ

ಲೋಪಸಂಧಿಯನ್ನು ಕಲಿಸುವಾಗ ನಾನು ಪ್ರತಿವರ್ಷವೂ ಹೇಳುವ ಮಾತೊಂದುಂಟು: ಎರಡು ಸ್ವರಗಳು ಕೂಡುವಾಗ ಮೊದಲಿನದು ಬಿದ್ದುಹೋಗಬಹುದು, ಆದರೆ ಅರ್ಥ ಕೆಡಕೂಡದು; ಅರ್ಥ ಕೆಡುವ ಹಾಗಿದ್ದರೆ ಇದ್ದುದನ್ನು ಇದ್ದಂತೆಯೇ ಬಿಡಬೇಕು. ಹತ್ತು ವರ್ಷಗಳಿಂದ ಈ ನಿಯಮವನ್ನು ಹುಡುಗರಿಂದ ಬಾಯಿಪಾಠ ಮಾಡಿಸುತ್ತಿರುವ ನಾನೇ, ಮೂರು ವರ್ಷಗಳ ಹಿಂದೆ ನಮ್ಮ ತಂದೆಯವರ ಕಾರಿನ ಛಾವಣಿಯನ್ನು ಲೋಪ ಮಾಡಿಸಿದೆನೆಂದರೆ ಓದುಗರಿಗೆ ನಗು ಬರಬಹುದು. ನಗಲಿ, ಸಂತೋಷ. ನಮ್ಮ ಮನೆಯಲ್ಲಿ ಮಾತ್ರ ಈ ವಿಷಯಕ್ಕೆ ಯಾರೂ ನಗುವುದಿಲ್ಲ.

ಕಾರು 1984ರ ಪದ್ಮಿನಿ. ಇಟಲಿಯ ಫಿಯೆಟ್ 1100 ಡಿ ಕಾರನ್ನು ಮುಂಬಯಿಯ ಪ್ರೀಮಿಯರ್ ಕಂಪನಿಯವರು 1964ರಿಂದ ಇಲ್ಲಿಯೇ ತಯಾರಿಸತೊಡಗಿದರಷ್ಟೆ. ಪದ್ಮಿನಿ ಎಂಬ ಹೆಸರು ಅದಕ್ಕೆ ಅನಂತರ ಬಂದದ್ದು. ನಮ್ಮ ತಂದೆ ಅದನ್ನು ಎರಡನೆಯ ಕೈಯಿಂದ ಕೊಂಡು, ಭಾನುವಾರಗಳಂದು ತಾವೇ ತೊಳೆದು, ತಮ್ಮ ಹಳೆಯ ಪಂಚೆಯಿಂದ ಒರೆಸಿ, ಮೂವರು ಮಕ್ಕಳಿಗಿಂತ ಜತನವಾಗಿ ನೋಡಿಕೊಂಡಿದ್ದರು. ಅವರು ಹೋದ ಮೇಲೆ ಅದು ಮೈಸೂರಿನ ನಮ್ಮ ಮನೆಯ ಶೆಡ್ಡಿನಲ್ಲಿ ಧೂಳು ಹೊದ್ದು ನಿಂತಿತ್ತು. ಛಾವಣಿಯ ಅಂಚಿನ ಮಳೆಗಾಲುವೆ ತುಕ್ಕು ಹಿಡಿದು, ಮಳೆಗಾಲದಲ್ಲಿ ಹನಿ ನೇರವಾಗಿ ಡ್ರೈವರನ ಹೆಗಲಿಗೇ ಬೀಳುತ್ತಿತ್ತು.

ಇದಕ್ಕೆ ಪರಿಹಾರ ಸೂಚಿಸಿದವರು ನಮ್ಮ ಕಾಲೇಜಿನ ಭೌತಶಾಸ್ತ್ರದ ಅಧ್ಯಾಪಕರು. “ಸೋರುವ ಮಾಳಿಗೆಗೆ ತೇಪೆ ಏಕೆ ಹಾಕಿಸುತ್ತೀರಿ? ಮಾಳಿಗೆಯನ್ನೇ ತೆಗೆಸಿಬಿಡಿ! ನಮ್ಮ ದೊಡ್ಡಪ್ಪನವರ ಹೆರಾಲ್ಡಿನ ಛಾವಣಿ ಬೋಲ್ಟು ಬಿಚ್ಚಿದರೆ ಕೈಗೇ ಬರುತ್ತಿತ್ತು” ಎಂದರು. ಅವರು ಸುಳ್ಳು ಹೇಳಲಿಲ್ಲ. 1959ರಲ್ಲಿ ಇಂಗ್ಲೆಂಡಿನಲ್ಲಿ ಬಂದ ಟ್ರಯಂಫ್ ಹೆರಾಲ್ಡಿಗೆ ಕೆಳಗೆ ಪ್ರತ್ಯೇಕವಾದ ಚಾಸಿಸ್ ಇತ್ತು. ಛಾವಣಿಯನ್ನು ಬೋಲ್ಟುಗಳಿಂದ ಬಿಗಿದಿದ್ದರು. ಮದರಾಸಿನಲ್ಲಿ 1961ರಿಂದ ತಯಾರಾದ ಸ್ಟ್ಯಾಂಡರ್ಡ್ ಹೆರಾಲ್ಡು ಅದರದೇ ಸಂತಾನ. ಆದರೆ ಹೆರಾಲ್ಡಿಗೆ ಸಲ್ಲುವುದು ಪದ್ಮಿನಿಗೂ ಸಲ್ಲುವುದೇ ಎಂದು ಕೇಳುವ ಬುದ್ಧಿ ಆಗ ನನಗೂ ಬರಲಿಲ್ಲ, ಭೌತಶಾಸ್ತ್ರಕ್ಕೂ ಬರಲಿಲ್ಲ. ಅದೇ ವಾರ ನಾನು 1958ರ ‘ಚಲ್ತೀ ಕಾ ನಾಮ್ ಗಾಡಿ’ ಚಿತ್ರವನ್ನು ಮತ್ತೊಮ್ಮೆ ನೋಡಿದ್ದೆ. ತಲೆಯ ಮೇಲೆ ಆಕಾಶವಿಟ್ಟುಕೊಂಡು ಹೋಗುವ ಆ ಹಳೆಯ ಕಾರು ನನ್ನ ತಲೆಯನ್ನೂ ಹೊಕ್ಕಿತ್ತು.

ನಮ್ಮಾಕೆ ಬೇಡವೆಂದಳು. ನಮ್ಮ ತಾಯಿ, “ನಿಮ್ಮಪ್ಪ ಅದರ ನೆತ್ತಿಯ ಮೇಲೆ ಹಾಸಿಗೆ ಸುರುಳಿ ಕಟ್ಟಿಸಿ ನಮ್ಮನ್ನೆಲ್ಲ ತಿರುಪತಿಗೆ ಕರಕೊಂಡು ಹೋಗಿದ್ದರು ಕಣೋ” ಎಂದಷ್ಟೇ ಹೇಳಿ ಒಳಕ್ಕೆ ಹೋದರು. ಅದು ಒಪ್ಪಿಗೆಯೆಂದು ನಾನು ಅರ್ಥಮಾಡಿಕೊಂಡೆ. ಕನ್ನಡ ಎಂ. ಎ. ಮಾಡಿದವನಿಗೆ ಧ್ವನ್ಯರ್ಥ ತಿಳಿಯದಿದ್ದುದು ಅದೊಂದೇ ಸಂದರ್ಭವಲ್ಲ.

ಊರ ಹೊರಗಿನ ಒಂದು ವೆಲ್ಡಿಂಗ್ ಅಂಗಡಿಯಲ್ಲಿ ಕೆಲಸ ಒಂದೇ ಮಧ್ಯಾಹ್ನದಲ್ಲಿ ಮುಗಿಯಿತು. ಮುಂದಿನ ಗಾಜಿನ ಚೌಕಟ್ಟನ್ನು ಉಳಿಸಿ, ನಡುವಿನ ಕಂಬಗಳನ್ನೂ ಹಿಂದಿನವನ್ನೂ ಬಾಗಿಲಿನ ಮಟ್ಟಕ್ಕೆ ಕೊಯ್ದರು. ಕೊನೆಯ ಕಂಬ ತುಂಡಾದಾಗ ‘ಟಕ್’ ಎಂದು ಒಂದು ಸದ್ದು ಬಂತು. ಹೊರೆಯಿಳಿಸಿದ ಹಳೆಯ ಎತ್ತು ನಿಟ್ಟುಸಿರಿಟ್ಟು ಬೆನ್ನು ತಗ್ಗಿಸುವಂತೆ ಕಾರಿನ ನಡು ಒಂದಿಷ್ಟು ಕುಸಿಯಿತು. ಬಾಗಿಲು ಹಾಕಲು ಹೋದರೆ ಹಾಕಿಕೊಳ್ಳಲೊಲ್ಲದು. ಅಂಗಡಿಯವನು ಧೃತಿಗೆಡಲಿಲ್ಲ. ಸುತ್ತಿಗೆಯಿಂದ ನಾಲ್ಕು ಪೆಟ್ಟು ಕೊಟ್ಟು, ಲಾಕು ಕಚ್ಚಿಕೊಳ್ಳುವ ಕೊಕ್ಕೆಯನ್ನು ಅರದಿಂದ ಉಜ್ಜಿ, “ಈಗ ನೋಡಿ ಸಾರ್, ಬೆಣ್ಣೆ ಹಂಗೆ ಕೂರುತ್ತೆ” ಎಂದ. ಕೂತಿತು. ಎಂಟು ಸಾವಿರ ರೂಪಾಯಿ ಎಣಿಸಿಕೊಟ್ಟು, ಕೊಯ್ದ ಛಾವಣಿಯನ್ನು ಲಗ್ಗೇಜ್ ಆಟೋದಲ್ಲಿ ಹಾಕಿಸಿಕೊಂಡು ಮನೆಗೆ ಬಂದೆ.

ಎರಡು ವಾರ ನನ್ನಷ್ಟು ಸುಖಿ ಮೈಸೂರಿನಲ್ಲಿ ಇರಲಿಲ್ಲ. ಸಂಜೆ ಲಲಿತಮಹಲ್ ರಸ್ತೆಯಲ್ಲಿ ಹೊರಟರೆ ಹುಡುಗರು ಕೈಬೀಸುವರು, ಮುದುಕರು ನಿಂತು ನೋಡುವರು. ಆದರೆ ಕಾರು ಮಾತ್ರ ತನ್ನ ಅಸಮಾಧಾನವನ್ನು ಒಂದೊಂದಾಗಿ ತಿಳಿಸುತ್ತಲೇ ಇತ್ತು. ಗುಂಡಿಯೊಂದರಲ್ಲಿ ಇಳಿದರೆ ಸ್ಟಿಯರಿಂಗ್ ಒಂದು ಕಡೆಗೂ ಮುಂದಿನ ಗಾಜು ಇನ್ನೊಂದು ಕಡೆಗೂ ನಡುಗುತ್ತಿದ್ದವು. ಒಂದು ಬೆಳಿಗ್ಗೆ ನೋಡಿದರೆ ಗಾಜಿನ ಮೂಲೆಯಿಂದ ಕೂದಲೆಳೆಯಂಥ ಬಿರುಕು ಹೊರಟಿದೆ. ಯಾರೂ ಕಲ್ಲು ಹೊಡೆದಿರಲಿಲ್ಲ. ಮಳೆಗೆ ಹೊದಿಸಿದ ಟಾರ್ಪಾಲಿನ ನಡುವೆ ನೀರು ನಿಂತು, ಅದರ ಭಾರಕ್ಕೆ ಟಾರ್ಪಾಲು ಜಾರಿ, ಕಾಲಿಡುವ ತಳದಲ್ಲಿ ಬಕೆಟ್ಟಿನಷ್ಟು ನೀರು ಸೇರಿತು. ಹಳೆಯ ಕಾರು, ಇದೆಲ್ಲ ಸಹಜವೆಂದುಕೊಂಡೆ.

ಮೂರನೆಯ ಭಾನುವಾರ ಚಾಮುಂಡಿಬೆಟ್ಟಕ್ಕೆ ಹೋಗಿದ್ದೆವು. ಪದ್ಮಿನಿಯ ಗೇರು ಸ್ಟಿಯರಿಂಗಿನ ಪಕ್ಕದಲ್ಲೇ ಇರುವುದರಿಂದ ಮುಂದಿನ ಉದ್ದ ಸೀಟಿನಲ್ಲಿ ಮೂವರು ಕೂರಬಹುದು. ಇಳಿಯುವಾಗ ಐದು ವರ್ಷದ ಮಗಳು, ಗಾಳಿ ಬೇಕೆಂದು ಹಟ ಹಿಡಿದು, ಎಡಗಡೆಯ ಬಾಗಿಲಿಗೆ ಒರಗಿ ಕೂತಳು. ಮೂಡಲ ದಿಕ್ಕು ಆಗಲೇ ಕಪ್ಪಾಗುತ್ತಿತ್ತು. ಬಲಕ್ಕೆ ಒಂದು ತಿರುವು ಬಂತು. ನಾನು ತಿರುಗಿಸಿದೆ. ಕಾರಿನ ಮೈ ಹಿಂಡಿದ ಬಟ್ಟೆಯಂತೆ ತಿರುಚಿಕೊಂಡದ್ದು ನನ್ನ ಸೀಟಿಗೇ ತಿಳಿಯಿತು. ಎಡಗಡೆಯ ಬಾಗಿಲು, ಯಾರೂ ಮುಟ್ಟದೆ, ಸದ್ದೇ ಇಲ್ಲದೆ ತೆರೆದುಕೊಂಡಿತು.

ಮಗುವಿನ ಲಂಗ ನಮ್ಮಾಕೆಯ ಮುಷ್ಟಿಯಲ್ಲಿತ್ತು. ಹೇಗೆ ಬಂತೋ ಅವಳಿಗೂ ಗೊತ್ತಿಲ್ಲ. ನಾನು ಬ್ರೇಕು ಒತ್ತಿ ಕಾರು ನಿಲ್ಲುವವರೆಗೆ ಆ ಮಗುವಿನ ಅರ್ಧ ದೇಹ ರಸ್ತೆಯ ಮೇಲೆ ತೂಗುತ್ತಿತ್ತು. ನಿಂತ ಮೇಲೆ ಯಾರೂ ಮಾತಾಡಲಿಲ್ಲ. ಮಗಳು, ಒಂದು ಚಪ್ಪಲಿ ಬಿದ್ದುಹೋಯಿತೆಂದು ಅಳತೊಡಗಿದಳು. ನಮ್ಮಾಕೆ ಅವಳನ್ನು ಎತ್ತಿಕೊಂಡು ಇಳಿದು, ಬೆಟ್ಟದಿಂದ ಬರುತ್ತಿದ್ದ ಬಸ್ಸಿಗೆ ಕೈ ತೋರಿಸಿ ಹತ್ತಿ ಹೋದಳು. ನಾನು ಬಾಗಿಲನ್ನು ಟವೆಲಿನಿಂದ ಕಟ್ಟಿ, ನಡಿಗೆಯ ವೇಗದಲ್ಲಿ ಮನೆ ಸೇರಿದೆ.

ತಂದೆಯವರ ಕಾಲದಿಂದ ಆ ಕಾರನ್ನು ನೋಡಿಕೊಂಡಿದ್ದ ಹಳೆಯ ಮೆಕ್ಯಾನಿಕ್ಕನ್ನು ಮರುದಿನ ಕರೆಸಿದೆ. ಮೊದಲೇ ಕರೆಸಬಹುದಾಗಿತ್ತು, ಆತ ಬೇಡವೆನ್ನುವನೆಂದೇ ಕರೆಸಿರಲಿಲ್ಲ. ಆತ ಕಾರನ್ನು ಒಂದು ಸುತ್ತು ಸುತ್ತಿ, ಕೊಯ್ದ ಕಂಬದ ಮೇಲೆ ಕೈಯಾಡಿಸಿ, ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ ಕೇಳಿದ:

“ಮೇಷ್ಟ್ರೇ, ಎತ್ತಿನ ಗಾಡಿ ಕಮಾನು ಬಿಚ್ಚಿದರೆ ಗಾಡಿಗೇನಾಗುತ್ತೆ?”

“ಏನೂ ಆಗುವುದಿಲ್ಲ.”

“ಯಾಕೆ? ಗಾಡಿ ಶಕ್ತಿಯೆಲ್ಲ ಮೂಕಿಯಲ್ಲಿ, ಅಚ್ಚಿನಲ್ಲಿ. ಕಮಾನು ಬರೀ ನೆರಳಿಗೆ. ಜೀಪೂ ಹಂಗೇ, ಹಳೇ ಕಾಲದ ಕಾರೂ ಹಂಗೇ. ಇದು ಹಂಗಲ್ಲ. ಇದಕ್ಕೆ ಬೇರೆ ಚಾಸಿಸ್ಸೇ ಇಲ್ಲ, ಮೈಯೇ ಚಾಸಿಸ್ಸು. ತೆಂಗಿನಕಾಯಿ ಇದು. ಇಡೀ ಕಾಯಿ ಮೇಲೆ ನೀವು ನಿಂತರೂ ತಡೆಯುತ್ತೆ. ಹೋಳು ಮಾಡಿದ ಚಿಪ್ಪಿನ ಅಂಚು ಒತ್ತಿ ನೋಡಿ.”

ತಳದ ತಗಡು ಎಳೆತವನ್ನು ತಡೆದರೆ ನೆತ್ತಿಯ ತಗಡು ಒತ್ತಡವನ್ನು ತಡೆಯುತ್ತದೆ. ಕಂಬಗಳು ಇವೆರಡನ್ನೂ ಸೇರಿಸಿ ಪೆಟ್ಟಿಗೆಯಾಗಿಸುತ್ತವೆ. ನೆತ್ತಿ ಹೋದರೆ ಎರಡೂ ಕೆಲಸ ತಳದ ಪಾಲಿಗೆ. ನಾನೋ ಆ ತಳಕ್ಕೇ ಮಳೆನೀರು ಕುಡಿಸಿ ತುಕ್ಕು ಹಿಡಿಸುತ್ತಿದ್ದೆ. ಬಾಗಿಲು ತೆರೆದುಕೊಂಡದ್ದರ ಗುಟ್ಟೂ ಆಗ ತಿಳಿಯಿತು: ಮುಂದಿನ ಬಾಗಿಲಿನ ಲಾಕು ಕಚ್ಚಿಕೊಳ್ಳುವುದು ನಡುವಿನ ಕಂಬವನ್ನು, ತಲೆ ಕಡಿದ ಆ ಕಂಬ ತಿರುವಿನಲ್ಲಿ ಆಚೀಚೆ ವಾಲುತ್ತದೆ, ಕೊಕ್ಕೆಯನ್ನು ಮೊದಲೇ ಅರದಿಂದ ಸವೆಸಿದ್ದೆವಲ್ಲ. ಕಾರು ಮಗುಚಿಕೊಂಡಿದ್ದರೆ ನಮ್ಮ ತಲೆಗಳಿಗೂ ರಸ್ತೆಗೂ ನಡುವೆ ಏನಿರುತ್ತಿತ್ತೆಂಬುದನ್ನು ಆತ ಹೇಳಲಿಲ್ಲ. ನಾನೂ ಕೇಳಲಿಲ್ಲ.

ಬಲ್ಲವರು ಇದನ್ನು ಹೇಗೆ ಮಾಡುತ್ತಾರೆಂದು ಅನಂತರ ಓದಿದೆ. ಪರೀಕ್ಷೆ ಮುಗಿದ ಮೇಲೆ ಪಠ್ಯಪುಸ್ತಕ ತೆರೆಯುವ ವಿದ್ಯಾರ್ಥಿಗಳನ್ನು ಇನ್ನು ಮುಂದೆ ನಾನು ಬಯ್ಯಲಾರೆ. ಜರ್ಮನಿಯ ಓಸ್ನಾಬ್ರೂಕಿನ ಕಾರ್ಮನ್ ಕಂಪನಿಯವರು 1949ರಿಂದ ಫೋಕ್ಸ್‌ವ್ಯಾಗನ್ ಬೀಟಲಿನ ತೆರೆದ ಕಾರನ್ನು ತಯಾರಿಸಿದಾಗ, ಛಾವಣಿ ತೆಗೆದುದಕ್ಕೆ ಪ್ರತಿಯಾಗಿ ಬಾಗಿಲುಗಳ ಕೆಳಗೆ ಉಕ್ಕಿನ ಬಲವನ್ನು ಸೇರಿಸಿದರು. ಹೀಗಾಗಿ ತಗಡಿನ ನೆತ್ತಿಯ ಬೀಟಲಿಗಿಂತ ತೆರೆದ ಬೀಟಲೇ ಹೆಚ್ಚು ತೂಕದ್ದು! ನಾನು ಛಾವಣಿ ತೆಗೆಸಿ, ಕಾರು ಹಗುರವಾಯಿತು, ಪೆಟ್ರೋಲು ಉಳಿಯಿತು ಎಂದು ಸ್ಟಾಫ್ ರೂಮಿನಲ್ಲಿ ಹೇಳಿಕೊಂಡು ತಿರುಗಿದ್ದೆ. ಕೊಯ್ಯುವ ಮೊದಲು ಬಾಗಿಲಿನ ತೆರಪುಗಳಿಗೆ ಅಡ್ಡಪಟ್ಟಿ ಬೆಸೆದು ಮೈ ಅಲುಗದಂತೆ ಹಿಡಿಯಬೇಕಂತೆ. ನಮ್ಮ ಅಂಗಡಿಯವನು ಅಡ್ಡ ಹಿಡಿದದ್ದು ಬೀಡಿಯನ್ನು ಮಾತ್ರ.

ಕಾನೂನಿನ ಮಾತೂ ಇದೆ. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮಿನಂತೆ, ನೋಂದಣಿ ಪುಸ್ತಕದ ವಿವರಗಳು ತಯಾರಕರು ಕೊಟ್ಟ ಮೂಲ ವಿವರಗಳಿಗಿಂತ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸುವ ಹಾಗಿಲ್ಲ; 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಇದನ್ನು ಎತ್ತಿಹಿಡಿಯಿತು. ಆ ಎರಡು ವಾರ ನನ್ನನ್ನು ಪೊಲೀಸರು ಹಿಡಿಯದಿದ್ದುದು ನನ್ನ ಅದೃಷ್ಟವೆಂದು ಆಗ ತಿಳಿದಿದ್ದೆ. ಈಗ ಹಾಗನ್ನಿಸುವುದಿಲ್ಲ.

“ಛಾವಣಿಯನ್ನು ಮತ್ತೆ ಬೆಸೆಯಲಾಗದೆ?” ಎಂದು ಮೆಕ್ಯಾನಿಕ್ಕನ್ನು ಕೇಳಿದ್ದೆ. “ಬೆಸೆಯಬಹುದು, ನೋಡೋಕೆ ಕಾರಿನ ಹಂಗೇ ಇರುತ್ತೆ. ಮಗೂನ ಮಾತ್ರ ಕೂರಿಸಬೇಡಿ” ಎಂದ. ಕೂಲಿ ಕೊಡಹೋದರೆ ತೆಗೆದುಕೊಳ್ಳಲಿಲ್ಲ.

ಪದ್ಮಿನಿ ಈಗಲೂ ಶೆಡ್ಡಿನಲ್ಲಿದೆ, ನಾಲ್ಕು ಇಟ್ಟಿಗೆಯ ಕಟ್ಟೆಗಳ ಮೇಲೆ. ಭಾನುವಾರಗಳಂದು ನಾನು ಅದನ್ನು ಒರೆಸುತ್ತೇನೆ, ಬಾಗಿಲುಗಳನ್ನು ಮುಟ್ಟುವುದಿಲ್ಲ. ಛಾವಣಿಯನ್ನು ನಮ್ಮ ತಾಯಿ ಗುಜರಿಗೆ ಕೊಡಗೊಡಲಿಲ್ಲ. ಹಿತ್ತಿಲಲ್ಲಿ ನಾಲ್ಕು ಗೂಟ ನೆಡಿಸಿ, ಅದರ ಮೇಲೆ ಅದನ್ನು ಕವುಚಿಸಿ, ಅಡಿಯಲ್ಲಿ ಒಣಗಿದ ತೆಂಗಿನ ಮಟ್ಟೆ, ಕರಟಗಳನ್ನು ಒಟ್ಟಿದ್ದಾರೆ. ತುಕ್ಕು ಹಿಡಿದ ಅಂಚಿನಲ್ಲಿ ಮೊದಲಿನಂತೆಯೇ ಒಂದು ಕಡೆ ಹನಿಕುತ್ತದೆ. ಅಲ್ಲಿ ಅವರು ಒಂದು ಪಾತ್ರೆ ಇಟ್ಟಿದ್ದಾರೆ.