ಕರಿಬೆರಳಿನ ಏಡಿ

1986ರ ಮಾತು. ಉತ್ತರ ಕನ್ನಡದ ಕಡಲ ತೀರದ ಊರೊಂದರಲ್ಲಿ ನಾನು ಆಗತಾನೆ ಕನ್ನಡ ಉಪಾಧ್ಯಾಯನಾಗಿ ಸೇರಿದ್ದೆ. ಒಂದು ಭಾನುವಾರ, ಇಳಿತದ ಹೊತ್ತಿನಲ್ಲಿ, ನನ್ನ ಶಿಷ್ಯನೊಬ್ಬ ಬಂಡೆಗಳ ಸಂದಿಯಿಂದ ಏಡಿಯೊಂದನ್ನು ಹಿಡಿದು ತಂದ. ಎಂತಹ ಚೆಲುವು! ಮೊಟ್ಟೆಯಾಕಾರದ ನುಣುಪು ಚಿಪ್ಪು, ಇಟ್ಟಿಗೆಗೆಂಪು ಬಣ್ಣ. ಇಕ್ಕಳದಂತಹ ಮುಂಗಾಲುಗಳ ತುದಿ ಮಾತ್ರ ಮಸಿಯಲ್ಲಿ ಅದ್ದಿದಂತೆ ಕಪ್ಪು.

“ಮಾಸ್ತರ್ರೆ, ಇದನ್ನು ತಿನ್ನಬಹುದೋ? ಅಜ್ಜಿ ಬೇಡ ಹೇಳ್ತದೆ.”

“ಚೆನ್ನಾಗಿ ಬೇಯಿಸಿದರೆ ಯಾವ ವಿಷ ಉಳಿದೀತು?” ಎಂದೆ. ಕನ್ನಡ ಎಂ.ಎ. ಓದಿದವನು ಏಡಿಯ ವಿಷಯದಲ್ಲಿ ತೀರ್ಪು ಕೊಟ್ಟದ್ದೇ ಅಧಿಕಪ್ರಸಂಗ. ಅಷ್ಟರಲ್ಲಿ ಅಜ್ಜಿ ಬಂದರು; ನನ್ನ ಮುಖವನ್ನೊಮ್ಮೆ ನೋಡಿದರು; ಮಾತಿಲ್ಲದೆ ಏಡಿಯನ್ನು ಕಸಿದು ನೀರಿಗೆಸೆದರು. ನನಗೆ ತುಸು ಅವಮಾನವೇ ಆಯಿತು.

ಎಷ್ಟೋ ವರ್ಷಗಳ ಬಳಿಕ ಪುಸ್ತಕಗಳಲ್ಲಿ ಆ ಏಡಿಯ ಬಳಗದ ಪರಿಚಯವಾಯಿತು. ಆ ಕುಲದ ಹೆಸರು ಅಟರ್ಗಾಟಿಸ್. ಹಿಂದೂ ಮಹಾಸಾಗರ, ಪೆಸಿಫಿಕ್ ಸಾಗರಗಳ ಬಂಡೆಗಳಲ್ಲಿ, ಹವಳದ ದಿಬ್ಬಗಳಲ್ಲಿ ಅದರ ವಾಸ. ಭಾರತದ ಕರಾವಳಿಯಲ್ಲಿಯೂ ಉಂಟು. ಈ ಕುಲದ ಒಂದು ಜಾತಿಯ ಚಿಪ್ಪಿನ ಮೇಲೆ ಜಾಲರಿಯಂತಹ ಚಿತ್ತಾರವಿರುತ್ತದೆ. ಅದು ವಿಷಮಯವೆಂಬುದನ್ನು ಜಪಾನಿನ ವಿಜ್ಞಾನಿಗಳು 1967ರಲ್ಲಿ ಪ್ರಕಟಿಸಿದರು. ಅದರ ನೆಂಟನಾದ ಜೋಸಿಮಸ್ ಎಂಬ ಏಡಿಯನ್ನು ತಿಂದು ಫಿಲಿಪ್ಪೀನ್ಸಿನಲ್ಲಿ ಜನ ಸತ್ತಿದ್ದಾರೆ.

ಸ್ಯಾಕ್ಸಿಟಾಕ್ಸಿನ್, ಟೆಟ್ರೊಡೊಟಾಕ್ಸಿನ್ ಎಂಬವು ಆ ವಿಷಗಳು. ನರಗಳಲ್ಲಿ ಸಂದೇಶ ಹರಿಯಬೇಕಾದರೆ ಸೋಡಿಯಂ ಕಣಗಳು ಒಳಹೋಗಲು ಸಣ್ಣ ಬಾಗಿಲುಗಳಿವೆ. ಈ ವಿಷ ಅವಕ್ಕೆ ಬೆಣೆ ಜಡಿಯುತ್ತದೆ. ಮೊದಲು ತುಟಿ, ನಾಲಗೆ ಜುಮ್ಮೆನ್ನುತ್ತವೆ, ಕೈಕಾಲು ಸೋಲುತ್ತವೆ, ಕಡೆಗೆ ಉಸಿರೆಳೆಯುವ ಸ್ನಾಯುಗಳೂ ನಿಲ್ಲುತ್ತವೆ. ಮಾತಾಡಲಾರದ ರೋಗಿಗೆ ಅರಿವು ಮಾತ್ರ ಉಳಿದಿರಬಹುದು. ಇದಕ್ಕೆ ಪ್ರತಿವಿಷವಿಲ್ಲ. ವಿಷವಿಳಿಯುವವರೆಗೆ ಯಂತ್ರದಿಂದ ಉಸಿರಾಡಿಸಿ ಕಾಯಬೇಕು. ಇನ್ನು ಬೇಯಿಸುವ ಮಾತು: ಎಷ್ಟು ಕುದಿಸಿದರೂ ಈ ವಿಷ ನಾಶವಾಗುವುದಿಲ್ಲ! ಆ ಸಾಲನ್ನು ಓದಿದಾಗ ನನ್ನ ಕೈ ತಣ್ಣಗಾಯಿತು.

ವಿಷದ ಪ್ರಮಾಣವೂ ಒಂದೇ ಸಮನಲ್ಲ. ಒಂದೇ ಬಂಡೆಯ, ಒಂದೇ ಜಾತಿಯ ಎರಡು ಏಡಿಗಳಲ್ಲಿ ಒಂದು ನಿರಪಾಯಕಾರಿ, ಇನ್ನೊಂದು ಪ್ರಾಣಾಂತಕವಾಗಿರಬಹುದು. ಆದ್ದರಿಂದ ‘ಹೋದ ವರ್ಷ ತಿಂದೆವು, ಏನೂ ಆಗಲಿಲ್ಲ’ ಎಂಬುದು ಇಲ್ಲಿ ಸಾಕ್ಷಿಯೇ ಅಲ್ಲ. ಅಜ್ಜಿಯ ಲಕ್ಷಣಶಾಸ್ತ್ರವೂ ಪೂರ್ಣವಲ್ಲವೆನ್ನಿ. ತುದಿ ಕಪ್ಪಾದ ಏಡಿಗಳಲ್ಲಿ ತಿನ್ನಲು ಯೋಗ್ಯವಾದವೂ ಇವೆ. ಆದರೆ ಅವರು ತಪ್ಪಿದ್ದರೆ ಮನೆಗೆ ಒಂದು ಹೊತ್ತಿನ ಸಾರು ನಷ್ಟ, ನಾನು ತಪ್ಪಿದ್ದರೆ?

ನಿವೃತ್ತನಾದ ಮೇಲೆ ಆ ಊರಿಗೆ ಹೋಗಿದ್ದೆ. ನನ್ನ ಶಿಷ್ಯನೀಗ ದೋಣಿಯ ಯಜಮಾನ. ಬಲೆ ಬಿಡಿಸುತ್ತ, ಕರಿಬೆರಳಿನ ಕೆಂಪು ಏಡಿಯೊಂದನ್ನು ಎತ್ತಿ ಸಮುದ್ರಕ್ಕೆಸೆದ.

“ಯಾಕಪ್ಪ?” ಎಂದೆ.

“ಅಜ್ಜಿ ಎಸೀತಿತ್ತಲ್ಲ, ಮಾಸ್ತರ್ರೆ.”

ನಾನು ಅಂದು ಹೇಳಿದ್ದು ಅವನಿಗೆ ನೆನಪಿರಲಿಲ್ಲ. ನಾನೂ ನೆನಪಿಸಲಿಲ್ಲ.